ಸೈಕಲ್ ಯಾಕೆ ತುಳೀತಾರೆ? ಯಾದಗಿರಿ ಜಿಲ್ಲೆಯಿಂದ ಒಂದು ರಿಕ್ವೈರ್‌ಮೆಂಟ್ ಪಾಠ



ಇಂಜಿನಿಯರಿಂಗ್ ಸೇರಿದ ದಿನದಿಂದ ನಾವೆಲ್ಲ ಒಂದು ಮಾತು ಕೇಳ್ತಾನೇ ಇದ್ದೀವಿ: ಮೊದಲು ರಿಕ್ವೈರ್‌ಮೆಂಟ್, ಆಮೇಲೆ ಡಿಸೈನ್. ಪರೀಕ್ಷೆಯಲ್ಲಿ ಬಂದ್ರೆ ಬಾಕ್ಸ್ ಹಾಕಿ, ಬಾಣ ಹಾಕಿ ಐದು ಮಾರ್ಕು ತಗೋತೀವಿ. ಆದ್ರೆ ಆ ಬಾಕ್ಸಿನ ಒಳಗೆ ಏನಿರ್ತದೆ? ಒಬ್ಬ ಮನುಷ್ಯ ಮತ್ತು ಅವನ ಕಾರಣ. ಆ ಕಾರಣವನ್ನು ಕೇಳಿ ತಿಳ್ಕೊಳ್ಳೋದು ಹೇಗೆ ಅನ್ನೋದಕ್ಕೆ ಸಿಲಬಸ್ಸಿನಲ್ಲಿ ಯೂನಿಟ್ ಇಲ್ಲ. ಈ ಲೇಖನ ಆ ಯೂನಿಟ್ಟಿನ ಮೊದಲ ಪಾಠ ಅಂದ್ಕೊಳ್ಳಿ.

ಉದಾಹರಣೆಗೆ ನಾವು ಆರಿಸಿಕೊಂಡದ್ದು ಸೈಕಲ್. ಎಲ್ಲರಿಗೂ ಗೊತ್ತಿರುವ ಯಂತ್ರ, ಎಲ್ಲ ಭಾಗಗಳೂ ಕಣ್ಣಿಗೆ ಕಾಣುವ ಯಂತ್ರ. ಸೆಮಿಸ್ಟರ್ ರಜೆಯಲ್ಲಿ ಕನ್ನಡ ಸಂಘದ ನಾವು ನಾಲ್ಕು ಜನ ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಸೈಕಲ್ ಸವಾರರನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದ್ವಿ: "ಸೈಕಲ್ ಯಾಕ್ರೀ?" ಇದು ಸರ್ವೆ ಅಲ್ಲ, ಹಾಗಾಗಿ ಶೇಕಡಾವಾರು ಲೆಕ್ಕ ಕೊಡೋದಿಲ್ಲ. ಜನ ಹೇಳಿದ್ದು, ಅದಕ್ಕೆ ನಾವು ಹಾಕಿದ ಲೆಕ್ಕ, ಅಷ್ಟೇ.

ಒಂದು ವಿಷಯ ಮೊದಲೇ ಹೇಳಿಬಿಡ್ತೀವಿ. ಹೆಚ್ಚುಕಡಿಮೆ ಎಲ್ಲರ ಮೊದಲ ಉತ್ತರ ಒಂದೇ: "ಗಾಡಿ ತಗೊಳ್ಳಾಕ ರೊಕ್ಕ ಎಲ್ಲದ ತಮ್ಮಾ." ಅಲ್ಲಿಗೇ ಪೆನ್ನು ಮುಚ್ಚಿದ್ರೆ ಈ ಲೇಖನ ನಾಲ್ಕು ಸಾಲಿಗೆ ಮುಗೀತಿತ್ತು. ಸ್ವಲ್ಪ ಹೊತ್ತು ನಿಂತು, ಚಾ ಕುಡಿದು, ಇನ್ನೊಮ್ಮೆ ಕೇಳಿದ್ರೆ ಎರಡನೇ ಉತ್ತರ ಬರ್ತದೆ. ಪಾಠ ಇರೋದು ಆ ಎರಡನೇ ಉತ್ತರದಲ್ಲಿ.

ಮೊದಲು ಯಂತ್ರ

ಇತಿಹಾಸ ಚಿಕ್ಕದಾಗಿ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಗಾಲಿಯ ಗಾಡಿ ಮಾಡಿದ. ಅದಕ್ಕೆ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದ್ದು ಓಡಿಸಬೇಕಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ಲಿಗೆ ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ತಂದ. ನಮ್ಮ ಕಡೆ ಇವತ್ತಿಗೂ ಓಡುವ ಕರಿ ಬಣ್ಣದ ದೊಡ್ಡ ಸೈಕಲ್ಲಿನ ಮೂಲ ವಿನ್ಯಾಸ ಇದೇ.

ಈಗ ಲೆಕ್ಕ. ಸವಾರ 60 ಕೆ.ಜಿ., ಸೈಕಲ್ 20 ಕೆ.ಜಿ., ಸಪಾಟು ರಸ್ತೆ, ವೇಗ ಗಂಟೆಗೆ 15 ಕಿ.ಮೀ. ಟೈರ್ ಉರುಳುವಿಕೆಯ ಎದುರಾಟಕ್ಕೆ ಸುಮಾರು 26 ವ್ಯಾಟ್, ಗಾಳಿಯ ಎದುರಾಟಕ್ಕೆ ಸುಮಾರು 26 ವ್ಯಾಟ್, ಒಟ್ಟು 52. ಒಂದು ಸೀಲಿಂಗ್ ಫ್ಯಾನಿಗಿಂತ ಕಡಿಮೆ. ದೇಹದ ದಕ್ಷತೆ 22% ಅಂತ ಹಿಡಿದ್ರೆ ಒಂದು ಗಂಟೆಗೆ ಹೆಚ್ಚುವರಿಯಾಗಿ ಬೇಕಾಗೋದು ಸುಮಾರು 200 ಕಿಲೋಕ್ಯಾಲರಿ. ಒಂದು ಜ್ವಾಳದ ರೊಟ್ಟಿಗೆ 150 ಅಂತ ಇಟ್ಟುಕೊಳ್ಳಿ. ಅಂದ್ರೆ ಒಂದು ರೊಟ್ಟಿಗೆ ಸುಮಾರು 11 ಕಿ.ಮೀ.! ಲೀಟರಿಗೆ 50 ಕಿ.ಮೀ. ಕೊಡುವ ಬೈಕು ಅಷ್ಟೇ ದೂರಕ್ಕೆ ಇದರ ಸುಮಾರು ಹನ್ನೆರಡು ಪಟ್ಟು ಶಕ್ತಿ ಸುಡ್ತದೆ.

ಇದು ಯಂತ್ರದ ಗುಣ. ಆದ್ರೆ ನಾವು ಮಾತಾಡಿಸಿದವರಲ್ಲಿ ಒಬ್ಬರೂ ದಕ್ಷತೆಗಾಗಿ ಸೈಕಲ್ ತುಳಿಯೋದಿಲ್ಲ. ಅವರ ಕಾರಣಗಳೇ ಬೇರೆ.

ಕಾರಣ ಒಂದು: ಹೊರೆ

ಯಾದಗಿರಿಯ ಸ್ಟೇಷನ್ ಕಡೆ ಬೆಳಿಗ್ಗೆ ಹಾಲು ಹಾಕುವ ಕಾಕಾ ಒಬ್ಬರು ಸಿಕ್ಕರು. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು. ಮೊದಲ ಉತ್ತರ ಪೆಟ್ರೋಲ್ ರೇಟು. ಎರಡನೇ ಉತ್ತರ: "ಸೈಕಲ್ ನಿಂತಲ್ಲೇ ನಿಲ್ತದ ತಮ್ಮಾ. ಮನಿಮನಿ ಮುಂದ ಚಾಲೂ ಮಾಡು, ಬಂದ್ ಮಾಡು ಅಂಬೋದಿಲ್ಲ."

ಯೋಚನೆ ಮಾಡಿ ನೋಡಿ. ನಲವತ್ತು ಮನೆ ಅಂದ್ರೆ ನಲವತ್ತು ಸಲ ನಿಲ್ಲಬೇಕು. ಅವರಿಗೆ ಬೇಕಾಗಿರೋದು ವೇಗ ಅಲ್ಲ, ಸುಲಭವಾಗಿ ನಿಲ್ಲೋದು. ಅವರ ಸೈಕಲ್ಲಿನಲ್ಲಿ ಮುಖ್ಯ ಭಾಗ ಪೆಡಲ್ ಅಲ್ಲ, ಸ್ಟ್ಯಾಂಡು. ಎರಡೂ ಕಡೆ ಕಾಲು ಊರುವ ಗಟ್ಟಿ ಸ್ಟ್ಯಾಂಡ್ ಇಲ್ಲದಿದ್ರೆ ಹಾಲು ರಸ್ತೆ ಪಾಲು.

ಹೊರೆಯ ಲೆಕ್ಕವೂ ನೋಡೋಣ. 40 ಕೆ.ಜಿ. ಹಾಲು ಹೇರಿದ್ರೆ ಸಪಾಟು ರಸ್ತೆಯಲ್ಲಿ, ಅದೇ ವೇಗಕ್ಕೆ, ಬರೀ 13 ವ್ಯಾಟ್ ಹೆಚ್ಚು ಬೇಕು. ಆದ್ರೆ ನೂರು ಮೀಟರಿಗೆ ಮೂರು ಮೀಟರ್ ಏರುವ ದಾರಿಯಲ್ಲಿ, ಗಂಟೆಗೆ 10 ಕಿ.ಮೀ. ವೇಗದಲ್ಲಿ, ಆ ಹೊರೆಯನ್ನು ಏರಿಸೋಕೆ ಮಾತ್ರವೇ ಸುಮಾರು 33 ವ್ಯಾಟ್ ಬೇಕಾಗ್ತದೆ. ಸವಾರ ಮತ್ತು ಸೈಕಲ್ ಏರೋಕೆ ಇನ್ನೂ 65. ಅದಕ್ಕೇ ಬಯಲಿನಲ್ಲಿ ಕುಂತು ಹೋಗೋರು ಗುಡ್ಡದ ಊರು ಸುರಪುರದ ಏರಿನಲ್ಲಿ ಇಳಿದು ತಳ್ತಾರೆ. ಅದು ಸೋಲಲ್ಲ, ಸರಿಯಾದ ಗೇರ್ ಬದಲಾವಣೆ.

ಇದೇ ಗುಂಪಿಗೆ ಸೇರೋರು ಸಾಣೆ ಹಿಡಿಯುವವರು. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಪೆಡಲ್ ತುಳಿದು, ಗಾಲಿಯಿಂದ ಬೆಲ್ಟ್ ಮೂಲಕ ಸಾಣೆಕಲ್ಲು ತಿರುಗಿಸಿ ಚಾಕು, ಕತ್ತರಿ ಹರಿತ ಮಾಡ್ತಾರೆ. ಊರಿಂದ ಊರಿಗೆ ಹೋಗುವಾಗ ಅದು ವಾಹನ, ಓಣಿಯಲ್ಲಿ ನಿಂತಾಗ ಅದೇ ವರ್ಕ್‌ಶಾಪು. ಮೆಕ್ಯಾನಿಕಲ್ ಗೆಳೆಯರು ಗಮನಿಸಬೇಕು: ನಮ್ಮ ಲ್ಯಾಬಿನ ಬೆಲ್ಟ್ ಡ್ರೈವ್ ಪ್ರಯೋಗ ಓಣಿಯಲ್ಲಿ ಹೊಟ್ಟೆ ತುಂಬಿಸ್ತಾ ಇದೆ.

ಕಾರಣ ಎರಡು: ಬೆಳಕು ಇರುವಾಗಲೇ ಮನೆಗೆ

ಶಹಾಪುರದಿಂದ ಒಳಗಿನ ಒಂದು ಹಳ್ಳಿಯ ದಾರಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿ ಮತ್ತು ಅವಳ ಗೆಳತಿಯರು ಸಿಕ್ಕರು. ಹೈಸ್ಕೂಲು ಅವರ ಊರಿಂದ ನಾಲ್ಕು ಕಿ.ಮೀ. "ಬಸ್ ಫ್ರೀ ಅದಲ್ಲ?" ಅಂತ ಕೇಳಿದ್ವಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಅನ್ನೋದು ನಿಮಗೆ ಗೊತ್ತು. ಹುಡುಗಿ ಹೇಳಿದ್ದು: "ಫ್ರೀ ಅದ ಅಣ್ಣಾ. ಆದ್ರ ಸಾಲಿ ಬಿಟ್ಟ ಮ್ಯಾಲ ಒಂದೂವರಿ ತಾಸು ಬಸ್ಸೇ ಬರಂಗಿಲ್ಲ."

ಸ್ವಲ್ಪ ತಡೆದು ಎರಡನೇ ಉತ್ತರ ಬಂತು: "ಬೆಳಕ ಇದ್ದಾಗ ಮನಿ ಮುಟ್ಟಿದ್ರ ಅವ್ವ ಏನೂ ಅನ್ನಂಗಿಲ್ಲ. ಕತ್ತಲಾದ್ರ ಸಾಲಿ ಸಾಕು ಅಂತಾರ."

ಇಲ್ಲಿ ಸೈಕಲ್ ಉಳಿಸೋದು ಬಸ್ ಚಾರ್ಜ್ ಅಲ್ಲ, ಸಮಯ. ನಾಲ್ಕು ಕಿ.ಮೀ. ನಡೆದ್ರೆ ಸುಮಾರು 48 ನಿಮಿಷ. ಗಂಟೆಗೆ 12 ಕಿ.ಮೀ. ಲೆಕ್ಕದಲ್ಲಿ ಸೈಕಲ್ಲಿಗೆ 20 ನಿಮಿಷ. ಹೋಗಿ ಬರೋದಕ್ಕೆ ದಿನಕ್ಕೆ 56 ನಿಮಿಷ ಉಳೀತು. ವರ್ಷಕ್ಕೆ 220 ದಿನ ಶಾಲೆ ಅಂತ ಹಿಡಿದ್ರೆ 205 ಗಂಟೆಗೂ ಹೆಚ್ಚು. ಆದ್ರೆ ಅವಳಿಗೆ ವರ್ಷದ 205 ಗಂಟೆಗಿಂತ ಮುಖ್ಯ ಆ ದಿನದ ಕೊನೆಯ 28 ನಿಮಿಷ. ಸೂರ್ಯ ಮುಳುಗೋದಕ್ಕೂ ಅವಳು ಮನೆ ಮುಟ್ಟೋದಕ್ಕೂ ನಡುವಿನ ಆ ಮಾರ್ಜಿನ್ ಮೇಲೆ ಅವಳ ಓದು ನಿಂತಿದೆ. ನಾವು ಫ್ಯಾಕ್ಟರ್ ಆಫ್ ಸೇಫ್ಟಿ ಅಂತ ಓದ್ತೀವಲ್ಲ, ಅದು ಇದೇ.

ಅವಳ ಸೈಕಲ್ ಮೊದಲು ಅಕ್ಕನದು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರದಿಂದ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯ್ತು. ಕೋವಿಡ್ ಬಂದ 2020ರ ಹೊತ್ತಿಗೆ ವಿತರಣೆ ನಿಂತಿತು. ಅಕ್ಕನಿಗೆ ಅದಕ್ಕಿಂತ ಮುಂಚೆ ಸಿಕ್ಕಿತ್ತು, ತಂಗಿಯ ಸರದಿಗೆ ಸಿಗಲಿಲ್ಲ. ಹೀಗಾಗಿ ಒಂದೇ ಸೈಕಲ್ ಮೇಲೆ ಇಬ್ಬರ ಹೈಸ್ಕೂಲು.

ಇದಕ್ಕೆ ಗಟ್ಟಿ ಸಾಕ್ಷಿಯೂ ಇದೆ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಪಕ್ಕದ ಜಾರ್ಖಂಡಿನ ಜೊತೆ ಹೋಲಿಸಿ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ 32% ಏರಿತ್ತು, ಹುಡುಗ-ಹುಡುಗಿಯರ ನಡುವಿನ ಅಂತರ 40% ಇಳಿದಿತ್ತು. ಪರಿಣಾಮ ಜಾಸ್ತಿ ಕಂಡದ್ದು ಶಾಲೆ ಮೂರು ಕಿ.ಮೀ.ಗಿಂತ ದೂರ ಇದ್ದ ಊರುಗಳಲ್ಲಿ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83%, ರಾಜ್ಯದಲ್ಲೇ ಕೊನೆಯ ಸ್ಥಾನ. ಇಲ್ಲಿ ಒಂದು ಸೈಕಲ್ಲಿನ ತೂಕ 20 ಕೆ.ಜಿ. ಅಂತ ಬರೆದು ಸುಮ್ಮನಿರೋಕೆ ಆಗೋದಿಲ್ಲ.

ಕಾರಣ ಮೂರು: ಯಾರನ್ನೂ ಕೇಳೋದು ಬೇಡ

ಶಹಾಪುರದಲ್ಲಿ ಹೊಲಿಗೆ ಕೆಲಸ ಮಾಡುವ ಅಕ್ಕಾರ ಒಬ್ಬರು ಹಿಂದೆ ಬಟ್ಟೆಗಂಟು, ಮುಂದೆ ಮಗು ಕೂರಿಸಿಕೊಂಡು ಹೊರಟಿದ್ರು. ಮೊದಲ ಉತ್ತರ ಟಂಟಂ ಚಾರ್ಜು. ಎರಡನೆಯದು: "ಮೊದಲ ಎಲ್ಲಿಗರ ಹೋಗ್ಬೇಕಂದ್ರ ಮನಿಯವರು ಬರೋತನ ಕಾಯ್ಬೇಕಿತ್ತು. ಕಾಯೋದು ಬಿಟ್ಟದ್ದ ದೊಡ್ಡ ಲಾಭ ನೋಡ್ರಿ."

ಇದಕ್ಕೊಂದು ಪ್ರಸಿದ್ಧ ಉದಾಹರಣೆ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆ. 1990ರ ದಶಕದ ಶುರುವಿನಲ್ಲಿ ಅಲ್ಲಿ 'ಅರಿವೊಳಿ' ಸಾಕ್ಷರತಾ ಆಂದೋಲನ ನಡೀತಾ ಇದ್ದಾಗ ಕಲೆಕ್ಟರ್ ಆಗಿದ್ದ ಶೀಲಾರಾಣಿ ಚುಂಕತ್ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸೋಕೆ ಒತ್ತು ಕೊಟ್ಟರು. ಹೊಲದಲ್ಲಿ, ಕಲ್ಲುಗಣಿಯಲ್ಲಿ ದುಡಿಯುವವರು, ನರ್ಸುಗಳು, ಶಿಕ್ಷಕಿಯರು ಸಾವಿರಗಟ್ಟಲೆ ಕಲಿತರು. ಹಂಗಿಸಿದವರೂ ಇದ್ದರು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ದಾಖಲಿಸಿದ್ದಾರೆ.

ಅದರಲ್ಲಿ ನಮ್ಮಂಥವರಿಗೆ ಬಹಳ ಬೇಕಾದ ಒಂದು ವಿವರ ಇದೆ. ಅಲ್ಲಿ ಲೇಡೀಸ್ ಸೈಕಲ್ ಸಾಕಾಗದೆ ಜೆಂಟ್ಸ್ ಸೈಕಲ್ಲೇ ಬಂದಾಗ ಎಷ್ಟೋ ಹೆಂಗಸರು ಅದನ್ನೇ ಮೆಚ್ಚಿಕೊಂಡರು. ಯಾಕೆ? ಸೀಟಿನಿಂದ ಹ್ಯಾಂಡಲ್‌ವರೆಗೆ ಇರುವ ಮೇಲಿನ ಪೈಪಿನ ಮೇಲೆ ಮಗುವನ್ನು ಕೂರಿಸಬಹುದು!

ಇದನ್ನು ಡಿಸೈನ್ ಕಣ್ಣಿಂದ ನೋಡಿ. ಜೆಂಟ್ಸ್ ಸೈಕಲ್ಲಿನ ಫ್ರೇಮ್ ಮುಚ್ಚಿದ ಆಕಾರ, ಮೇಲಿನ ಪೈಪು ಅದನ್ನು ಗಟ್ಟಿಯಾಗಿ ಹಿಡಿದಿರ್ತದೆ. ಲೇಡೀಸ್ ಸೈಕಲ್ ಮಾಡಿದವರು ಸೀರೆ, ಲಂಗಕ್ಕೆ ಅಡ್ಡ ಆಗ್ತದೆ ಅಂತ ಆ ಪೈಪನ್ನು ಕೆಳಗಿಳಿಸಿದರು. ಹತ್ತೋದು ಇಳಿಯೋದು ಸುಲಭ ಆಯ್ತು, ಫ್ರೇಮಿನ ಬಿಗಿ ಸ್ವಲ್ಪ ಕಡಿಮೆ ಆಯ್ತು. ಆ ಡಿಸೈನರು ಬಟ್ಟೆಯನ್ನು ನೋಡಿದರು, ಮಗುವನ್ನು ನೋಡಲಿಲ್ಲ. ಹತ್ತೋದು ಕಷ್ಟ ಆದ್ರೂ ಪರವಾಗಿಲ್ಲ, ಮಗು ಕೂರಬೇಕು ಅನ್ನೋದು ಬಳಸುವವಳ ರಿಕ್ವೈರ್‌ಮೆಂಟ್. ಅದು ತಿಳಿಯಬೇಕಾದ್ರೆ ಅವಳನ್ನೇ ಕೇಳಬೇಕು.

ಇನ್ನೊಂದು ಸಣ್ಣ ಗಣಿತ. ಅರ್ಧ ಗಂಟೆಯಲ್ಲಿ ನಡೆದು ಮುಟ್ಟಬಹುದಾದ ದೂರ ಎರಡೂವರೆ ಕಿ.ಮೀ., ಸೈಕಲ್ ಮೇಲೆ ಆರು ಕಿ.ಮೀ. ದೂರ ಎರಡೂವರೆ ಪಟ್ಟೂ ಇಲ್ಲ. ಆದ್ರೆ ವೃತ್ತದ ವಿಸ್ತೀರ್ಣ ತ್ರಿಜ್ಯದ ವರ್ಗದ ಲೆಕ್ಕದಲ್ಲಿ ಬೆಳೀತದೆ: ಸುಮಾರು 20 ಚದರ ಕಿ.ಮೀ. ಇದ್ದದ್ದು 113 ಆಗ್ತದೆ. ಅಂದ್ರೆ ಅವಳು ಮುಟ್ಟಬಹುದಾದ ಊರು, ಸಂತೆ, ಆಸ್ಪತ್ರೆ, ಗಿರಾಕಿಗಳ ಮನೆ ಇರುವ ಜಾಗ ಆರು ಪಟ್ಟಿನ ಹತ್ತಿರ. ಯಾರನ್ನೂ ಕೇಳದೆ ಹೋಗೋದು ಅಂದ್ರೆ ಇಷ್ಟು ದೊಡ್ಡ ವೃತ್ತ.

ಕಾರಣ ನಾಲ್ಕು: ಹೇಳಿಕೊಳ್ಳದ ಕಾರಣಗಳು

ಯಾದಗಿರಿ ಕೋಟೆಯ ಕಡೆ ಬೆಳಿಗ್ಗೆ ಆರಕ್ಕೆ ಗೇರ್ ಸೈಕಲ್ ತುಳಿಯುವ ಸರ್ಕಾರಿ ನೌಕರರೊಬ್ಬರು ಸಿಕ್ಕರು. ಮೊದಲ ಉತ್ತರ ಶುಗರ್, ಡಾಕ್ಟರ್ ಹೇಳಿದ್ದಾರೆ. ಎರಡನೇ ಉತ್ತರ: "ಮನ್ಯಾಗ ಫೋನು, ಆಫೀಸಿನ್ಯಾಗ ಫೋನು. ಸೈಕಲ್ ಮ್ಯಾಲ ಎತ್ತಾಕ ಬರಂಗಿಲ್ಲ ಅಂತ ಎಲ್ಲರೂ ಒಪ್ಪಿಬಿಟ್ಟಾರ." 40 ನಿಮಿಷ ಒಬ್ಬರೇ ಇರೋಕೆ ಅವರಿಗೆ ಸಿಕ್ಕಿರುವ ಏಕೈಕ ಒಪ್ಪಿತ ಕಾರಣ ಅದು.

ಶಹಾಪುರದ ಮಲಗಿದ ಬುದ್ಧನ ಬೆಟ್ಟ ನಿಮಗೆಲ್ಲ ಗೊತ್ತು. ಬೆಳಗಿನ ಹೊತ್ತು ಆ ಕಡೆ ಹೋಗುವ ಹುಡುಗರ ಗುಂಪಿನ ಕಾರಣ ಬೆಟ್ಟವೂ ಅಲ್ಲ, ವ್ಯಾಯಾಮವೂ ಅಲ್ಲ. ಊರಲ್ಲಿ ಕೂತು ಹರಟಿದ್ರೆ ಬೈತಾರೆ, ಸೈಕಲ್ ಮೇಲೆ ಹರಟಿದ್ರೆ ಹೊಗಳ್ತಾರೆ. ಸುರಪುರದ ಹತ್ತಿರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಕ್ಕಿ ನೋಡೋಕೆ ಹೋಗುವವರೂ ಸೈಕಲ್ ಇಷ್ಟಪಡ್ತಾರೆ. ಸದ್ದಿಲ್ಲದ ಯಂತ್ರ, ಹಕ್ಕಿ ಬೆದರೋದಿಲ್ಲ.

ನಮಗೆ ಎಲ್ಲಕ್ಕಿಂತ ನೆನಪಿರೋದು ಸುರಪುರದ ಒಬ್ಬ ಅಜ್ಜ. ಅವರು ಸೈಕಲ್ ಹತ್ತೋದೇ ಇಲ್ಲ. ದಿನಾ ಸಂಜೆ ಅದನ್ನು ಹಿಡ್ಕೊಂಡು ಪಕ್ಕದಲ್ಲಿ ನಡೀತಾರೆ. ಪಂಚರ್ ಆಗ್ಯದ ಅಂತ ತಿಳಿದು "ಅಜ್ಜಾ, ತಳ್ಳಬೇಕಾ?" ಅಂದ್ವಿ. ನಕ್ಕು ಹೇಳಿದ್ರು: "ಸ್ವಂಟ ಹಿಡದದ ತಮ್ಮಾ. ಕೋಲು ಹಿಡದ್ರ ಮುದುಕ ಅಂತಾರ. ಸೈಕಲ್ ಹಿಡದ್ರ ಯಾರೂ ಏನೂ ಅನ್ನಂಗಿಲ್ಲ."

ಯಾವ ಸ್ಪೆಸಿಫಿಕೇಷನ್ ಶೀಟಿನಲ್ಲಿ ಇದನ್ನು ಬರೀತೀರಿ? ಚೈನು ಬೇಡ, ಪೆಡಲ್ ಬೇಡ. ಎದೆಮಟ್ಟದ ಹ್ಯಾಂಡಲ್ಲು, ಇಳಿಜಾರಿನಲ್ಲಿ ಹಿಡಿಯೋಕೆ ಬ್ರೇಕು ಮತ್ತು ಮರ್ಯಾದೆ ಸಾಕು. ಆ ಸೈಕಲ್ ಅವರ ಲೆಕ್ಕದಲ್ಲಿ ಸರಿಯಾಗೇ ಕೆಲಸ ಮಾಡ್ತಾ ಇದೆ.

ಬಿಟ್ಟವರ ಕಾರಣ

ಕಾರಣ ತಿಳಿಯೋಕೆ ಬಳಸುವವರನ್ನಷ್ಟೇ ಕೇಳಿದ್ರೆ ಸಾಲದು, ಬಿಟ್ಟವರನ್ನೂ ಕೇಳಬೇಕು. ಅದಕ್ಕೆ ಒಳ್ಳೆಯ ಜಾಗ ಪಂಚರ್ ಅಂಗಡಿ. ಅಲ್ಲಿ ತಿಳಿದದ್ದು ಮೂರು.

ಒಂದು, ಬಳ್ಳಾರಿ ಜಾಲಿ ಮುಳ್ಳು. ಹಳ್ಳಿ ದಾರಿಯ ಎರಡೂ ಬದಿಗೆ ಇದೇ ಗಿಡ. ವಾರಕ್ಕೆರಡು ಸಲ ಪಂಚರ್ ಆದ್ರೆ ಹುಡುಗಿ ಮತ್ತೆ ನಡೆದೇ ಹೋಗ್ತಾಳೆ, ಸೈಕಲ್ ಮೂಲೆ ಸೇರ್ತದೆ.

ಎರಡು, ಆಷಾಢದ ಗಾಳಿ. ನಮ್ಮದು ಬಯಲುಸೀಮೆ, ತಡೆಯೋದಕ್ಕೆ ಮರ ಕಡಿಮೆ. ಸೆಕೆಂಡಿಗೆ 3 ಮೀಟರ್ ಎದುರ್ಗಾಳಿ ಇದ್ರೆ ಮೊದಲಿನ ಆ 52 ವ್ಯಾಟ್ ಸುಮಾರು 103 ಆಗ್ತದೆ. ಅದೇ ರಸ್ತೆ, ಅದೇ ವೇಗ, ಶ್ರಮ ಮಾತ್ರ ಎರಡು ಪಟ್ಟು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಬೇರೆ.

ಮೂರು, ಜನರ ಕಣ್ಣು. "ಸೈಕಲ್ ಮ್ಯಾಲ ತಿರುಗೋ ಹುಡುಗಗ ಹೆಣ್ಣು ಯಾರು ಕೊಡ್ತಾರ" ಅಂತ ಅಂಗಡಿಯ ಮಾಮಾ ನಗುತ್ತಲೇ ಹೇಳಿದ್ರು, ಆದ್ರೆ ಅದು ತಮಾಷೆ ಅಲ್ಲ. ಕೆಲಸಕ್ಕೆ ಸೈಕಲ್ ಸಾಕಾಗುವ ಎಷ್ಟೋ ಹುಡುಗರು ತಿಂಗಳ ಕಂತಿನ ಮೇಲೆ ಬೈಕ್ ತಗೊಂಡು, ಕಂತು ಕಟ್ಟೋಕೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗ್ತಾರೆ. 52 ವ್ಯಾಟಿನ ಲೆಕ್ಕ ಇದಕ್ಕೆ ಉತ್ತರ ಕೊಡೋದಿಲ್ಲ. ಶಹಾಪುರದಲ್ಲಿ ಅರವತ್ತು ಸಾವಿರದ ಸೈಕಲ್ ತುಳಿದವನು ಶೋಕಿದಾರ, ಆರು ಸಾವಿರದ್ದು ತುಳಿದವನು ಬಡವ. ಯಂತ್ರ ಒಂದೇ. ಬೇರೆ ದಾರಿ ಇದ್ದೂ ತುಳಿಯೋನು, ಬೇರೆ ದಾರಿ ಇಲ್ಲದೆ ತುಳಿಯೋನು, ಅಷ್ಟೇ ವ್ಯತ್ಯಾಸ.

ಪಾಠದ ಸಾರ

ಮಿನಿ ಪ್ರಾಜೆಕ್ಟಿಗೆ 'ಸ್ಮಾರ್ಟ್ ಸೈಕಲ್' ಅನ್ನೋ ಟೈಟಲ್ ಪ್ರತಿ ಬ್ಯಾಚಿನಲ್ಲೂ ಕೇಳಿಬರ್ತದೆ. ಜಿಪಿಎಸ್, ಬ್ಲೂಟೂತ್, ಮೊಬೈಲ್ ಆ್ಯಪ್. ಮಾಡಿ, ಬೇಡ ಅನ್ನೋದಿಲ್ಲ. ಮಾಡುವ ಮುಂಚೆ ಮೂರು ಕೆಲಸ ಮಾಡಿ.

ಮೊದಲನೆಯದು, ಎರಡನೇ ಉತ್ತರ ಬರೋತನಕ ಕಾಯಿರಿ. ಮೊದಲ ಉತ್ತರ ಜನ ಅಪರಿಚಿತರಿಗೆ ಕೊಡುವ ಉತ್ತರ.

ಎರಡನೆಯದು, ಪ್ರತಿ ಕಾರಣಕ್ಕೂ ಸೈಕಲ್ಲಿನ ಯಾವ ಭಾಗ ಉತ್ತರ ಕೊಡ್ತದೆ ಅಂತ ಬರೆಯಿರಿ. ಹಾಲಿನ ಕಾಕಾಗೆ ಸ್ಟ್ಯಾಂಡು, ಹೊಲಿಗೆ ಅಕ್ಕಗೆ ಮೇಲಿನ ಪೈಪು, ಶಾಲೆ ಹುಡುಗಿಗೆ ಮುಳ್ಳು ತಡೆಯುವ ಟೈರು ಮತ್ತು ಸಂಜೆಗೆ ಲೈಟು, ಅಜ್ಜಗೆ ಹ್ಯಾಂಡಲ್ಲು. ಬ್ಲೂಟೂತ್ ಯಾರಿಗೆ ಅಂತ ಬರೆಯೋಕೆ ಆಗದಿದ್ರೆ ಆ ಸಾಲು ತೆಗೆಯಿರಿ.

ಮೂರನೆಯದು, ಬಿಟ್ಟವರನ್ನು ಹುಡುಕಿ. ಯಂತ್ರ ಎಲ್ಲಿ ಸೋಲ್ತದೆ ಅಂತ ಅವರಿಗೇ ಗೊತ್ತು.

ಕೊನೆಗೆ, ಪಾಠ ಅಂದ ಮೇಲೆ ಅಭ್ಯಾಸದ ಲೆಕ್ಕ ಇರಲೇಬೇಕು. ಶಹಾಪುರ ಕಡೆಯ ಆ ಹುಡುಗಿಯ ಅಕ್ಕನ ವಿಷಯ ಪೂರ್ತಿ ಹೇಳಿರಲಿಲ್ಲ. ಸರ್ಕಾರದ ಸೈಕಲ್ ಮೇಲೆ ಅವಳು ಹತ್ತನೇ ತರಗತಿ ಮುಗಿಸಿದಳು, ಪಾಸೂ ಆದಳು. ಪಿಯು ಕಾಲೇಜು ಊರಿಂದ 14 ಕಿ.ಮೀ. ಈಗ ಅವಳು ಹತ್ತಿ ಬಿಡಿಸೋಕೆ ಹೋಗ್ತಾಳೆ.

ಲೆಕ್ಕ: ವೇಗ ಗಂಟೆಗೆ 12 ಕಿ.ಮೀ., ದೂರ 14 ಕಿ.ಮೀ., ಕಾಲೇಜು ಬಿಡೋದು ಸಂಜೆ ನಾಲ್ಕೂವರೆಗೆ, ಚಳಿಗಾಲದಲ್ಲಿ ಕತ್ತಲಾಗೋದು ಆರು ದಾಟುತ್ತಲೇ, ನಡುವೆ ಒಂದು ಪಂಚರಿಗೆ 30 ನಿಮಿಷ. ಅವಳು ಬೆಳಕಿರುವಾಗ ಮನೆ ಮುಟ್ಟುತ್ತಾಳಾ? ಮುಟ್ಟೋದಿಲ್ಲ ಅಂತಾದ್ರೆ ಬದಲಾಯಿಸಬೇಕಾದ್ದು ಸೈಕಲ್ಲಾ, ಬಸ್ಸಿನ ಟೈಮಾ, ಕಾಲೇಜಿನ ಜಾಗವಾ? ಕಾರಣ ಸಹಿತ ಬರೆದು ಸಂಘಕ್ಕೆ ಕಳಿಸಿ. ತಂಗಿ ಮುಂದಿನ ವರ್ಷ ಹತ್ತನೇ ತರಗತಿ, ಸಮಯ ಹೆಚ್ಚಿಲ್ಲ.